ನಾಯಿ ನಕ್ಷತ್ರವೂ ಮಧ್ಯಾಹ್ನದ ಬಾಗಿಲೂ

ನಮ್ಮ ಕೇಯಾ ದ್ವೀಪದ ಪ್ರೌಢಶಾಲೆಯಲ್ಲಿ ನಲವತ್ತೆರಡು ವರ್ಷಗಳ ಕಾಲ ಪ್ರಾಚೀನ ಗ್ರೀಕ್ ಭಾಷೆಯನ್ನು ಬೋಧಿಸಿ, ಈ ಆಗಸ್ಟ್ ಕೊನೆಗೆ ನಿವೃತ್ತರಾಗುತ್ತಿರುವ ವಿದುಷಿ ಎಫ್ತೆರ್ಪಿ ಲೆಪೂರಾ ಅವರ ಹೆಸರನ್ನು ಕೇಳದ ಭಾಷಾವಿದ್ವಾಂಸರಾಗಲಿ ಖಗೋಳದ ಚರಿತ್ರೆಯನ್ನು ಅಭ್ಯಾಸ ಮಾಡುವವರಾಗಲಿ ನಮ್ಮ ದೇಶದಲ್ಲಿ ಕಡಿಮೆ. ಬೇಸಿಗೆ ಮಾಗಿದ ಮೇಲೆ ಬರುವ ಸುಡುಬಿಸಿಲನ್ನು ನಮ್ಮವರು ‘ನಾಯಿಬೇಗೆ’ ಎನ್ನುತ್ತಾರೆ. ಅಥೆನ್ಸಿನ ಟ್ಯಾಕ್ಸಿ ಚಾಲಕನೂ ಎನ್ನುತ್ತಾನೆ, ರೇಡಿಯೊದಲ್ಲಿ ಹವಾವಾರ್ತೆ ಓದುವವನೂ ಎನ್ನುತ್ತಾನೆ. ಯಾಕೆ ನಾಯಿ ಎಂದು ಕೇಳಿದರೆ, ಬಿಸಿಲಿಗೆ ನಾಯಿ ನಾಲಗೆ ಚಾಚಿಕೊಂಡು ಬಿದ್ದಿರುತ್ತದಲ್ಲ, ಅದಕ್ಕೇ ಎಂದು ಹತ್ತರಲ್ಲಿ ಒಂಬತ್ತು ಜನ ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಆ ಹತ್ತನೆಯವರೇ ಎಫ್ತೆರ್ಪಿಯವರು. ಈ ನಾಯಿ ಬೀದಿಯದಲ್ಲ, ಆಕಾಶದ್ದು ಎಂದು ಮೂರು ತಲೆಮಾರಿನ ಮಕ್ಕಳಿಗೆ ಅವರು ತೋರಿಸಿಕೊಟ್ಟರು.

ನಾಯಿ ಎಂದು ಹೆಸರಾದ, ಲುಬ್ಧಕವೆಂಬ ಆ ಮಹಾ ಪ್ರಕಾಶದ ನಕ್ಷತ್ರ ಬೇಸಿಗೆಯಲ್ಲಿ ಎರಡು ತಿಂಗಳಿಗೂ ಮಿಕ್ಕಿ ಸೂರ್ಯನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಆಮೇಲೆ ಒಂದು ದಿನ, ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮೊದಲು, ಪೂರ್ವದ ಅಂಚಿನಲ್ಲಿ ಕೆಲವೇ ನಿಮಿಷ ಕಾಣಿಸಿಕೊಳ್ಳುತ್ತದೆ. ನಮ್ಮ ದ್ವೀಪದ ಹಳಬರು ಆ ದಿನಕ್ಕಾಗಿ ಆಯುಧ ಹಿಡಿದು ಬೆಟ್ಟ ಹತ್ತಿ ಕಾಯುತ್ತಿದ್ದರಂತೆ. ನಕ್ಷತ್ರ ತಿಳಿಯಾಗಿ ಮೂಡಿದರೆ ವರ್ಷ ಆರೋಗ್ಯದ್ದು, ಮಸುಕಾಗಿ ಮೂಡಿದರೆ ರೋಗದ್ದು. ತಮ್ಮ ನಾಣ್ಯದ ಮೇಲೆ ಕಿರಣ ಸುತ್ತಿದ ನಾಯಿಯನ್ನು ಅಚ್ಚೊತ್ತಿದವರು ಅವರು. ಅದಕ್ಕೆ ಬಲಿ ಕೊಟ್ಟು, ನಲವತ್ತು ದಿನ ತಂಪುಗಾಳಿ ಬೀಸಲಿ ಎಂದು ಬೇಡಿಕೊಳ್ಳುತ್ತಿದ್ದವರೂ ಅವರೇ. ಈ ಅಭಿನಂದನ ಸಂಪುಟದ ಬೇರೆ ಲೇಖಕರು ಇದನ್ನೆಲ್ಲ ನನಗಿಂತ ಚೆನ್ನಾಗಿ ಬರೆದಿದ್ದಾರೆ. ನಾನು ಭೌತಶಾಸ್ತ್ರದ ಮೇಷ್ಟ್ರು, ಫೋಟಿಸ್ ಮಾರುಲಿಸ್. ಮೂವತ್ತನಾಲ್ಕು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕುಳಿತವನು. ‘ಸಹೋದ್ಯೋಗಿಯ ಕಣ್ಣಿನಲ್ಲಿ’ ಎಂದು ನಾಲ್ಕು ಪುಟ ಬರೆದುಕೊಡಿ, ಆತ್ಮೀಯವಾಗಿರಲಿ ಎಂದು ಸಮಿತಿಯವರು ಕೇಳಿದರು. ಆತ್ಮೀಯವಾದದ್ದನ್ನೇ ಬರೆಯುತ್ತಿದ್ದೇನೆ. ಓದಿದ ಮೇಲೆ ಸಮಿತಿಯವರು ನನ್ನನ್ನು ಕ್ಷಮಿಸಬೇಕು.

ನಾನು ಉತ್ತರದ ಮುಖ್ಯಭೂಮಿಯಿಂದ ಹಡಗು ಹತ್ತಿ ಬಂದಾಗ ನನಗೆ ಇಪ್ಪತ್ತೈದು ವರ್ಷ. ಉಳಿಯಲು ಮನೆಯಿಲ್ಲ, ತಿನ್ನಲು ಗೊತ್ತಾದ ಜಾಗವಿಲ್ಲ. ಎಫ್ತೆರ್ಪಿಯವರು ಆಗ ಮೂವತ್ತೆರಡರವರು. ಮೊದಲ ದಿನವೇ ತಮ್ಮ ಓಣಿಯಲ್ಲಿ, ತಮ್ಮ ಮನೆಯ ಎದುರಿಗೇ ನನಗೊಂದು ಕೋಣೆ ಹುಡುಕಿಕೊಟ್ಟರು. ಊಟ ತಮ್ಮ ತಾಯಿ ಮರೂಸೋ ಅವರ ಅಡುಗೆಮನೆಯಲ್ಲೇ ಎಂದು ಗೊತ್ತುಮಾಡಿದರು. ಆ ಚಳಿಗಾಲ ನಾನು ಜ್ವರದಿಂದ ಹಾಸಿಗೆ ಹಿಡಿದಾಗ ಮೂರು ವಾರ ನನ್ನ ತರಗತಿಗಳನ್ನು ತಾವೇ ತೆಗೆದುಕೊಂಡರು. ಭೌತಶಾಸ್ತ್ರ ಅವರಿಗೆ ಬರುತ್ತಿರಲಿಲ್ಲ, ಪುಸ್ತಕವನ್ನು ಹಿಂದಿನ ದಿನ ಓದಿಕೊಂಡು ಹೋಗಿ ಪಾಠ ಮಾಡಿದರು. ನಾನು ವಾಪಸು ಹೋದಾಗ ಮಕ್ಕಳ ಮುಖದಲ್ಲಿ ನಿರಾಸೆ ಕಂಡಿತು.

ಮರೂಸೋ ಅಜ್ಜಿಯದು ಬೇರೆಯೇ ಬಾಯಿ. ಗಂಡನನ್ನು ಸಮುದ್ರಕ್ಕೆ ಕೊಟ್ಟು, ಓಕ್ ಮರಗಳ ಕಾಯಿ ಆರಿಸಿ ತೊಗಲು ಹದ ಮಾಡುವವರಿಗೆ ಮಾರಿ ಮಗಳನ್ನು ಓದಿಸಿದ ಹೆಂಗಸು. ನಾನು ಬಂದ ಮೊದಲ ವಾರವೇ ಅವರಿಂದ ಬೈಸಿಕೊಂಡೆ. ಒಂದು ಮಧ್ಯಾಹ್ನ ನಾಲ್ಕು ಗಂಟೆಗೆ, ಉಪ್ಪು ಕೇಳಲೆಂದು ಅವರ ಬಾಗಿಲು ತಟ್ಟಿದ್ದೆ. ನಮ್ಮ ದ್ವೀಪದಲ್ಲಿ ಎರಡರಿಂದ ಐದರ ತನಕ ಕಿಟಕಿ ಮುಚ್ಚಿ ಮಲಗಿದ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಮನೆಗೆ ಬೆಂಕಿ ಬಿದ್ದರೂ ಮೆಲ್ಲಗೆ ಕೂಗುತ್ತಾರೆ ಎಂದು ತಮಾಷೆ ಮಾಡುವಷ್ಟು ಅದು ಬಿಗಿ. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿ, ಓಣಿಗೆಲ್ಲ ಕೇಳುವ ಹಾಗೆ ಕೂಗಿದರು:

“ಏನ್ರೀ ಮೇಷ್ಟ್ರೇ, ನಿಮ್ಮೂರಲ್ಲಿ ಮಧ್ಯಾಹ್ನ ಮನುಷ್ಯರು ಮಲಗಲ್ವಾ? ಕತ್ತೆಗಳೂ ಮಲಗಿವೆ ಇಲ್ಲಿ! ನಿಮ್ಮಮ್ಮ ಉಪ್ಪು ಕೊಟ್ಟು ಕಳಿಸ್ಲಿಲ್ಲ ಸರಿ, ಬುದ್ಧಿನೂ ಕೊಟ್ಟು ಕಳಿಸ್ಲಿಲ್ವಾ?”

ಓಣಿಯ ಕಿಟಕಿಗಳೆಲ್ಲ ನಕ್ಕವು. ಸಂಜೆ ಉಪ್ಪಿನ ಜೊತೆಗೆ ಒಂದು ತಟ್ಟೆ ಅಂಜೂರವೂ ಬಂತು. ಆದರೆ ನಾನು ಪಾಠ ಕಲಿತಿದ್ದೆ. ಹೊರಗಿನವನು ಎನ್ನಿಸಿಕೊಳ್ಳಬಾರದೆಂಬ ಹಟ ನನಗೆ ಇಲ್ಲಿನವರಿಗಿಂತ ಹೆಚ್ಚಾಗಿತ್ತು. ಆಮೇಲೆ ಎಂದೂ ಮಧ್ಯಾಹ್ನ ಯಾರ ಬಾಗಿಲನ್ನೂ ತಟ್ಟಲಿಲ್ಲ.

ಆ ದಿನಗಳಲ್ಲಿ ಎಫ್ತೆರ್ಪಿಯವರು ಪ್ರತಿ ಆಗಸ್ಟಿನಲ್ಲಿ ಮಕ್ಕಳನ್ನು ಬೆಳಗಿನ ಮಬ್ಬಿನಲ್ಲಿ ಬೆಟ್ಟಕ್ಕೆ ಕರೆದೊಯ್ದು ನಾಯಿ ನಕ್ಷತ್ರದ ಮೊದಲ ದರ್ಶನ ಮಾಡಿಸುತ್ತಿದ್ದರು. ದ್ವೀಪದ ಪತ್ರಿಕೆಯೊಂದರಲ್ಲಿ ಪ್ರತಿ ಬೇಸಿಗೆ ಒಂದು ಅಂಕಣವನ್ನೂ ಬರೆಯುತ್ತಿದ್ದರು. ನಕ್ಷತ್ರ ಕಾಣುವ ದಿನವನ್ನು ಲೆಕ್ಕ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ನಾನು ಕೊಟ್ಟ ದಿನಾಂಕ ಆಗಸ್ಟ್ ಹನ್ನೊಂದು. ಅವರು ಬರೆದ ಅಂಕಣದ ಕೊನೆಯ ವಾಕ್ಯ ಎಲ್ಲರಿಗೂ ಹಿಡಿಸಿತ್ತು: ‘ಬೇಗೆ ಬಂತೆಂದು ಅವಸರ ಬೇಡ, ನಾಯಿ ಇನ್ನೂ ಸೂರ್ಯನ ಅಂಗಳದಲ್ಲಿ ಮಲಗಿದೆ, ಅದು ಎದ್ದು ಬರುವುದು ಹನ್ನೊಂದಕ್ಕೆ.’ ಮರೂಸೋ ಅಜ್ಜಿ ಆ ತುಂಡನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದರು.

ಆ ಜುಲೈ ಹೇಗಿತ್ತೆಂದು ನಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಅಥೆನ್ಸಿನಲ್ಲಿ ಹೆಣ ಇಡಲು ಜಾಗ ಸಾಲದ ವಾರ ಅದು. ಎಂದೂ ನಿಲ್ಲದ ನಮ್ಮ ಗಾಳಿಯೂ ನಿಂತುಬಿಟ್ಟಿತ್ತು. ಎಫ್ತೆರ್ಪಿಯವರು ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಅಥೆನ್ಸಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಏಳೂವರೆಗೆ ಅಜ್ಜಿ ಮೆಟ್ಟಿಲು ತೊಳೆಯುತ್ತಿದ್ದಾಗ ನಾನು, “ಅಜ್ಜಿ, ಇವತ್ತು ನಲವತ್ತೆರಡು ಡಿಗ್ರಿ ಅಂತೆ, ಕೆಳಗೆ ಬಂದರಿನ ಹತ್ತಿರ ನಿಮ್ಮ ತಮ್ಮನ ಮನೆಗೆ ಹೋಗಿ, ಅಲ್ಲಿ ತಣ್ಣಗಿರುತ್ತೆ” ಎಂದೆ.

“ನಾನ್ಯಾಕೆ ಹೋಗ್ಲಿ? ನಮ್ಮ ಪಂಡಿತೆ ಪೇಪರಲ್ಲಿ ಬರೆದಿದ್ದಾಳಲ್ಲ, ನಾಯಿ ಬರೋದು ಹನ್ನೊಂದಕ್ಕೆ ಅಂತ. ಇದೆಲ್ಲ ಬರೀ ಒಲೆ ಹಚ್ಚೋದು ಅಷ್ಟೆ, ಪಾತ್ರೆ ಇನ್ನೂ ಇಟ್ಟಿಲ್ಲ!” ಎಂದು ನಕ್ಕರು. ಮಗಳನ್ನು ಕೆಣಕುವ ನಗೆ ಅದು. ನಂಬಿಕೆಯ ಮಾತಲ್ಲ, ಅಣಕದ ಮಾತು. ಇದನ್ನು ನಾನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮಾತು ಮುಗಿಸಿ ಬಕೆಟ್ಟಿನಲ್ಲಿ ಉಳಿದ ನೀರನ್ನು ತಮ್ಮ ಪಾದಕ್ಕೇ ಸುರಿದುಕೊಂಡು, ತಮ್ಮನ ಹೆಂಡತಿ ಸಿಡುಕಿನವಳು, ಸಂಜೆ ಬಿಸಿಲು ಇಳಿದ ಮೇಲೆ ಹೋಗುತ್ತೇನೆ ಎಂದೂ ಹೇಳಿದರು.

ಹನ್ನೆರಡು ಗಂಟೆಗೆ ಕಾಫಿ ಅಂಗಡಿಯ ಫೋನಿಗೆ ಎಫ್ತೆರ್ಪಿಯವರ ಕರೆ ಬಂತು.

“ಫೋಟಿಸ್, ಇಲ್ಲಿ ಜನ ಬೀದೀಲಿ ಬೀಳ್ತಿದ್ದಾರೆ. ಅಮ್ಮನ್ನ ಮೂರು ಗಂಟೆ ಹೊತ್ತಿಗೆ ಒಂದ್ಸಲ ನೋಡ್ತೀಯಾ? ಆಗಲೇ ಜಾಸ್ತಿ ಬಿಸಿಲು. ಕಣ್ಣಾರೆ ನೋಡು, ಆಯ್ತಾ?”

“ಹೋಗ್ತೀನಿ, ನೀವು ಚಿಂತೆ ಮಾಡ್ಬೇಡಿ” ಎಂದೆ.

ಹೋದೆ. ಅದು ಸುಳ್ಳಲ್ಲ. ಕಾಫಿ ಅಂಗಡಿಯಿಂದ ಒಂದು ಗಡ್ಡೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬಲೆಚೀಲದಲ್ಲಿ ಒಂದು ಕಲ್ಲಂಗಡಿ ಹಣ್ಣು ಹಿಡಿದುಕೊಂಡು ಮೂರು ಗಂಟೆಗೆ ಸರಿಯಾಗಿ ಅವರ ಬಾಗಿಲ ಮುಂದೆ ನಿಂತೆ. ಕಿಟಕಿಗಳು ಮುಚ್ಚಿದ್ದವು. ಓಣಿಯಲ್ಲಿ ಒಂದು ಜೀವವಿಲ್ಲ. ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ತಟ್ಟಿದರೆ ಅಜ್ಜಿ ಕಿಟಕಿ ತೆಗೆದು ಕೂಗುತ್ತಾರೆ, ಎರಡು ವರ್ಷವಾದರೂ ಮೇಷ್ಟ್ರಿಗೆ ಬುದ್ಧಿ ಬರಲಿಲ್ಲವೆಂದು ಓಣಿಯೆಲ್ಲ ನಗುತ್ತದೆ ಎಂದು ನಾಚಿಕೆಯಾಯಿತು. ಮಲಗಿದ್ದಾರೆ, ಮಲಗಲಿ, ಐದಕ್ಕೆ ಬಂದರಾಯಿತು ಎಂದುಕೊಂಡೆ. ಹಣ್ಣನ್ನೂ ಮಂಜುಗಡ್ಡೆಯನ್ನೂ ಹೊಸ್ತಿಲ ಮೇಲಿಟ್ಟು, ಎದುರಿನ ನನ್ನ ಕೋಣೆಗೆ ಹೋಗಿ ನಾನೂ ಮಲಗಿಬಿಟ್ಟೆ. ಎದ್ದಾಗ ಆರು ಗಂಟೆ. ಪಕ್ಕದ ಮನೆಯಾಕೆಯ ಚೀರಾಟಕ್ಕೇ ನನಗೆ ಎಚ್ಚರವಾದದ್ದು. ಅಜ್ಜಿಗೆ ನಾಲ್ಕು ಗಂಟೆಯ ತನಕವಾದರೂ ಜೀವ ಇದ್ದಿರಬೇಕು, ನೀರಿನ ಬಟ್ಟೆ ಸುತ್ತಿ ಬಂದರಿನ ತಂಪಿಗೆ ಒಯ್ದಿದ್ದರೆ ಉಳಿಸಬಹುದಿತ್ತು ಎಂದು ವೈದ್ಯರು ಹೇಳಿದರು.

ಎಫ್ತೆರ್ಪಿಯವರು ಮರುದಿನದ ಹಡಗಿಗೆ ಬಂದರು. ನಮ್ಮಲ್ಲಿ ಸತ್ತವರ ಮನೆಯ ಬಾಗಿಲಲ್ಲಿ ಉಳಿದವರ ಕೈ ಹಿಡಿದು, ‘ನಿಮಗೆ ಆಯುಸ್ಸಿರಲಿ’ ಎನ್ನುವುದು ವಾಡಿಕೆ. ನಾನೂ ಕೈ ಹಿಡಿದು ಅಂದೆ. ಅವರು ಕೈ ಬಿಡಲಿಲ್ಲ.

“ಮೂರು ಗಂಟೆಗೆ ಹೋಗಿದ್ಯಾ?”

“ಹೋಗಿದ್ದೆ.”

“ಹೇಗಿದ್ದಳು?”

ಆಗ ನನ್ನ ಬಾಯಿಂದ ಬಂದದ್ದು ಇದು: “ಚೆನ್ನಾಗೇ ಇದ್ರು. ಬಂದರಿಗೆ ಹೋಗೋಣ ಅಂದೆ, ಕೇಳಲಿಲ್ಲ. ನಾಯಿ ಬರೋದು ಹನ್ನೊಂದಕ್ಕೆ ಅಂತ ಮಗಳು ಬರೆದಿದ್ದಾಳೆ, ಇದಿನ್ನೂ ಒಲೆ ಹಚ್ಚೋದು ಅಷ್ಟೆ ಅಂದ್ರು. ಹಣ್ಣು ಬಾಗಿಲ ಹತ್ತಿರವೇ ಇಡು ಅಂದ್ರು.”

ಬೆಳಗಿನ ಏಳೂವರೆಯ ಮಾತನ್ನು ಮಧ್ಯಾಹ್ನದ ಮೂರು ಗಂಟೆಗೆ ತಂದಿಟ್ಟೆ. ಒಂದು ಕ್ಷಣದ ಹೇಡಿತನ. ನನ್ನನ್ನು ಉಳಿಸಿಕೊಳ್ಳುವ ಭರದಲ್ಲಿ ಆ ಮಾತು ಹೋಗಿ ಎಲ್ಲಿ ನಾಟುತ್ತದೆಂದು ಯೋಚಿಸಲೂ ಇಲ್ಲ. ಅವರು ಕೈ ಬಿಟ್ಟರು, ಒಳಗೆ ಹೋದರು, ಅಡುಗೆಮನೆಯ ಗೋಡೆಯಿಂದ ಆ ಪತ್ರಿಕೆಯ ತುಂಡನ್ನು ಕಿತ್ತರು. ಕಿತ್ತ ಸದ್ದು ನನಗೆ ಬಾಗಿಲ ತನಕ ಕೇಳಿಸಿತು.

ಆ ವರ್ಷದಿಂದ ಅವರು ಅಂಕಣ ಬರೆಯಲಿಲ್ಲ. ಮಕ್ಕಳನ್ನು ಬೆಟ್ಟಕ್ಕೆ ಕರೆದೊಯ್ಯಲಿಲ್ಲ. ಅಜ್ಜಿಯ ನೆನಪಿಗೆ ನಲವತ್ತನೆಯ ದಿನದ ಬೇಯಿಸಿದ ಗೋಧಿಯನ್ನು ಚರ್ಚಿನ ಮುಂದೆ ಹಂಚಿ ಮುಗಿದ ಸಂಜೆ ನನ್ನ ಕೋಣೆಗೆ ಬಂದು, “ನಕ್ಷತ್ರದ ಲೆಕ್ಕ ಪೂರ್ತಿ ಬೇಕು, ಎರಡೂವರೆ ಸಾವಿರ ವರ್ಷದ್ದು” ಎಂದರು. ಎರಡು ಚಳಿಗಾಲ ಅವರ ಊಟದ ಮೇಜಿನ ಮೇಲೆ ನಾವಿಬ್ಬರೂ ಲೆಕ್ಕ ಹಾಕಿದೆವು. ಭೂಮಿಯ ಅಚ್ಚು ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರ ಕಾಣುವ ದಿನ ಶತಮಾನದಿಂದ ಶತಮಾನಕ್ಕೆ ಮುಂದೆ ಸರಿಯುತ್ತದೆ. ಹಳಬರ ಕಾಲದಲ್ಲಿ ಬೇಸಿಗೆಯ ಬೇಗೆ ತಾರಕಕ್ಕೇರುವ ದಿನಗಳಿಗೆ ಸರಿಯಾಗಿ ಅದು ಮೂಡುತ್ತಿತ್ತು, ಜುಲೈ ಇಪ್ಪತ್ತಮೂರರ ಆಸುಪಾಸು. ಈಗ ಅದಕ್ಕಿಂತ ಎರಡೂವರೆ ವಾರ ತಡ. ಬಿಸಿಲು ಮಾತ್ರ ಅಲ್ಲೇ ಇದೆ. ಅಂದರೆ ಈ ಕಾಲದಲ್ಲಿ ನಾಯಿಯನ್ನು ಕಾಯುತ್ತ ಕುಳಿತವನನ್ನು ಬೇಗೆ ಮೊದಲೇ ಬಂದು ಕೊಂದಿರುತ್ತದೆ. ‘ನಾಯಿ ತಡವಾಗಿ ಬರುತ್ತದೆ’ ಎಂಬ ಹೆಸರಿನಲ್ಲಿ ಅಚ್ಚಾದ ಆ ಕಿರುಹೊತ್ತಗೆಯನ್ನು ಈ ಸಂಪುಟದಲ್ಲಿ ಆರು ಜನ ಕೊಂಡಾಡಿದ್ದಾರೆ. ಅದರ ಅರ್ಪಣೆಯ ಸಾಲನ್ನು ಯಾರೂ ಉಲ್ಲೇಖಿಸಿಲ್ಲ: ‘ಅಮ್ಮನಿಗೆ, ನಾನು ಕೊಟ್ಟ ದಿನಾಂಕವನ್ನು ನಂಬಿದ್ದಕ್ಕೆ.’ ಅದರ ಕರಡನ್ನು ತಿದ್ದಿದವನು ನಾನು. ಆ ಸಾಲಿನ ಮೇಲೆ ನನ್ನ ಪೆನ್ನು ಹರಿದು ಮುಂದೆ ಹೋಯಿತು.

ಅವರ ಇನ್ನೊಂದು ಕೆಲಸ ಊರಿಗೆಲ್ಲ ಗೊತ್ತು. ಮೂವತ್ತೆಂಟು ಡಿಗ್ರಿ ದಾಟಿದ ದಿನ ಎರಡರಿಂದ ಐದರ ಒಳಗೆ ಅವರು ಒಂದು ಪಟ್ಟಿ ಹಿಡಿದು ಹೊರಡುತ್ತಾರೆ. ಒಂಟಿಯಾಗಿರುವ ಮುದುಕ ಮುದುಕಿಯರ ಮನೆಗಳ ಪಟ್ಟಿ. ಪ್ರತಿ ಬಾಗಿಲನ್ನೂ ತಟ್ಟುತ್ತಾರೆ. ಮೊದಮೊದಲು ಜನ ಉರಿದುಬಿದ್ದರು. ಪಾದ್ರಿಯವರೂ ಬಂದು, ಎಲ್ಲದಕ್ಕೂ ಒಂದು ಹೊತ್ತು ಎಂಬುದುಂಟು ಎಂದು ಬುದ್ಧಿ ಹೇಳಿದರು. ಪಟ್ಟಿಯಲ್ಲಿದ್ದ ಯಾಕೂಮಿಸಜ್ಜ ಅಂತೂ ಒಳಗಿಂದಲೇ ಚಪ್ಪಲಿ ಎಸೆದು ಕೂಗಿದ್ದ: “ಯಾರದು ಈ ಹೊತ್ತಲ್ಲಿ? ಸತ್ತಿಲ್ಲ ಇನ್ನೂ, ಹೋಗು!”

“ಅಷ್ಟು ಕೇಳಿಸಿದ್ರೆ ಸಾಕು ನನಗೆ” ಎಂದು ಟೀಚರಮ್ಮ ಮುಂದಿನ ಬಾಗಿಲಿಗೆ ಹೋದರು.

ಈಗ ಅದೇ ಊರಿನ ಮಾತಾಗಿದೆ. ಅವರು ತಟ್ಟಿದರೆ ಒಳಗಿಂದ, “ಸತ್ತಿಲ್ಲ ಇನ್ನೂ, ಟೀಚರಮ್ಮ!” ಎಂಬ ಉತ್ತರ ಬರುತ್ತದೆ. ಉತ್ತರ ಬರದ ಬಾಗಿಲನ್ನು ಅವರು ಒಡೆಸುತ್ತಾರೆ. ಹಾಗೆ ಒಡೆಸಿದ್ದರಿಂದ ಉಳಿದವರು ಏಳು ಜನ. ಪುರಸಭೆ ಅವರಿಗೆ ಪದಕ ಕೊಡುತ್ತಿರುವುದು ನಕ್ಷತ್ರಕ್ಕಾಗಿ ಅಲ್ಲ, ಈ ಏಳು ಜನಕ್ಕಾಗಿ. ಮೂವತ್ತೆರಡು ಬೇಸಿಗೆ ನಾನು ನನ್ನ ಕಿಟಕಿಯ ಸಂದಿನಿಂದ ಅವರು ಛತ್ರಿ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿದ್ದೇನೆ. ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಕೈಯಾರೆ ಇನ್ನೊಂದು ಬಾಗಿಲು ತಟ್ಟುವ ಧೈರ್ಯ ನನಗಿರಲಿಲ್ಲ. ಮೊಣಕಾಲು ನೋವು ಎಂದು ಹೇಳಿಕೊಂಡು ಬಂದೆ. ಅವರು ಮೊಣಕಾಲಿಗೆ ಎಣ್ಣೆ ತಂದುಕೊಟ್ಟರು.

ಇಷ್ಟನ್ನು ಬರೆದು, ಅಚ್ಚಿಗೆ ಕೊಡುವ ಮೊದಲು ಅವರಿಗೆ ತೋರಿಸಬೇಕೆನಿಸಿತು. ಅಭಿನಂದನೆ ಪಡೆಯುವವರಿಗೆ ಲೇಖನವನ್ನು ಮುಂಚೆ ತೋರಿಸುವ ಪದ್ಧತಿಯಿಲ್ಲ ಎಂದು ಸಮಿತಿಯವರು ಹೇಳಿದರು. ಹಸ್ತಪ್ರತಿ ಓದಿದ ಸಂಪಾದಕರು, ಈ ಭಾಗವನ್ನೆಲ್ಲ ತೆಗೆದು ಜ್ವರದ ಪ್ರಸಂಗವನ್ನು ಬೆಳೆಸಿ ಎಂದು ವಿನಂತಿಸಿದರು. ಕಳೆದ ಮಂಗಳವಾರ, ಜುಲೈ ಇಪ್ಪತ್ತಮೂರು, ಮಧ್ಯಾಹ್ನ ಮೂರು ಗಂಟೆಗೆ ನಾನು ಓಣಿ ದಾಟಿ ಹೋಗಿ ಅದೇ ಬಾಗಿಲು ತಟ್ಟಿದೆ. ಒಳಗಿಂದ ನಗು ಬೆರೆತ ದನಿ ಬಂತು: “ಸತ್ತಿಲ್ಲ ಇನ್ನೂ!”

ಬಾಗಿಲು ತೆಗೆದವರು ನನ್ನನ್ನು ಕಂಡು ಆಶ್ಚರ್ಯಪಟ್ಟರು. ಹಾಳೆಗಳನ್ನು ಕೊಟ್ಟೆ. ಅಡುಗೆಮನೆಯ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ಕುಳಿತು ಓದಿದರು. ಕೈಯಲ್ಲಿ ಕೆಂಪು ಪೆನ್ಸಿಲು, ರೂಢಿಯ ಬಲ. ಮೊದಲ ಪುಟದಲ್ಲಿ ಎರಡು ಅಲ್ಪವಿರಾಮ ಹಾಕಿದರು. ಎರಡನೆಯ ಪುಟದಲ್ಲಿ ನಾನು ಹನ್ನೆರಡು ಎಂದು ಬರೆದಿದ್ದ ದಿನಾಂಕವನ್ನು ಹನ್ನೊಂದು ಎಂದು ತಿದ್ದಿದರು. ಮೂರನೆಯ ಪುಟದಲ್ಲಿ ಪೆನ್ಸಿಲು ನಿಂತಿತು. ಬಹಳ ಹೊತ್ತು ಆ ಪುಟ ಮಗುಚಲಿಲ್ಲ. ಆಮೇಲೆ ತಲೆ ಎತ್ತದೆ ಕೇಳಿದರು:

“ಬಾಗಿಲ ಹತ್ತಿರ ನಿಂತಾಗ ಒಳಗೆ ಏನಾದ್ರೂ ಸದ್ದು ಕೇಳಿಸ್ತಾ?”

ನಾನು ಹೊಸ್ತಿಲಿನ ಕಡೆ ನೋಡಿದೆ.

“ಫೋಟಿಸ್. ಕೇಳಿಸ್ತೋ ಇಲ್ವೋ?”

“ಕೇಳಿಸ್ತು” ಎಂದೆ. “ತಗಡಿನ ಲೋಟ ನೆಲಕ್ಕೆ ಬಿದ್ದು ಉರುಳಿದ ಸದ್ದು. ನಿದ್ದೇಲಿ ಕೈ ತಾಗಿರಬೇಕು ಅಂದ್ಕೊಂಡೆ.”

“ಇದರಲ್ಲಿ ಅದು ಇಲ್ಲ.”

“ಇಲ್ಲ.”

“ಅದನ್ನೂ ಬರಿ. ಒಂದಕ್ಷರ ಬಿಡದೆ ಅಚ್ಚು ಹಾಕ್ಸು. ನಮ್ಮಮ್ಮ ನನ್ನ ದಿನಾಂಕ ನಂಬಿ ಸಾಯಲಿಲ್ಲ, ನೀರು ಬೇಕು ಅಂತ ಕೈ ಚಾಚಿ ಸತ್ತಳು ಅಂತ ಊರಿಗೆ ಗೊತ್ತಾಗ್ಲಿ.” ಎದ್ದು ಹಾಳೆಗಳನ್ನು ನನ್ನ ಕೈಗಿತ್ತರು. “ಮೂವತ್ತೆರಡು ವರ್ಷ ನಾನು ಆ ನಕ್ಷತ್ರದ ಕಡೆ ಕತ್ತೆತ್ತಿ ನೋಡಿಲ್ಲ ಕಣೋ. ನೀನು ಎದುರು ಮನೇಲೇ ಇದ್ದೆ” ಎಂದರು. ನಾನು ಹೊರಗೆ ಬಂದ ಮೇಲೆ ಬಾಗಿಲು ಹಾಕಿದ ಸದ್ದಾಯಿತು, ಅಗುಳಿಯ ಸದ್ದೂ ಆಯಿತು. ಆ ದಿನದಿಂದ ಅವರು ನನ್ನೊಡನೆ ಮಾತನಾಡಿಲ್ಲ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಈ ಪುಟಗಳಲ್ಲಿ ಅದನ್ನು ಕೇಳುತ್ತಲೂ ಇಲ್ಲ.

ಅಭಿನಂದನ ಲೇಖನ ಹಾರೈಕೆಯಿಲ್ಲದೆ ಮುಗಿಯಬಾರದು. ಈ ಸಂಪುಟ ಅವರ ಕೈ ಸೇರುವ ಆಗಸ್ಟ್ ಹನ್ನೊಂದನೆಯ ತಾರೀಖಿನ ಬೆಳಿಗ್ಗೆ ಅವರು ಮತ್ತೆ ಬೆಟ್ಟ ಹತ್ತಲಿ, ತಡವಾಗಿಯಾದರೂ ಬರುವ ಆ ನಕ್ಷತ್ರವನ್ನು ತಲೆಯೆತ್ತಿ ನೋಡಲಿ, ಬರೆಯದೆ ಉಳಿದ ಅಂಕಣಗಳನ್ನೆಲ್ಲ ಬರೆಯಲಿ. ಅವರ ಪಟ್ಟಿಯ ನಕಲೊಂದನ್ನು ಪುರಸಭೆಯಿಂದ ಇಸಿದುಕೊಂಡಿದ್ದೇನೆ. ಇನ್ನು ಮುಂದೆ ಬಿಸಿಲೇರಿದ ದಿನ ಆ ಬಾಗಿಲುಗಳನ್ನು ನಾನು ತಟ್ಟುತ್ತೇನೆ. ಪಟ್ಟಿಯ ಕೊನೆಗೆ ಒಂದು ಮನೆಯನ್ನು ನಾನೇ ಸೇರಿಸಿದ್ದೇನೆ, ನನ್ನ ಎದುರಿನದು, ಏಕೆಂದರೆ ಅಲ್ಲಿಯೂ ಈಗ ಅರವತ್ತಾರು ದಾಟಿದ ಒಬ್ಬ ಹೆಂಗಸು ಒಂಟಿಯಾಗಿದ್ದಾರೆ. ಮೂರು ಗಂಟೆಗೆ ತಟ್ಟುತ್ತೇನೆ. ಅವರು ಬಾಗಿಲು ತೆಗೆಯಬೇಕಾಗಿಲ್ಲ, ಒಳಗಿಂದ ಬೈದರೂ ಸಾಕು.

ಎಫ್ತೆರ್ಪಿಯಮ್ಮ, ನಿಮಗೆ ಆಯುಸ್ಸಿರಲಿ. ಈ ಮಾತನ್ನು ಒಮ್ಮೆ ನಿಮ್ಮ ಬಾಗಿಲಲ್ಲಿ ನಿಂತು ಸುಳ್ಳಿನ ಬಾಯಲ್ಲಿ ಹೇಳಿದ್ದೆ.